ಕಂಬ ಕಾಯುತ್ತದೆ, ಕಸರತ್ತು ಕಾಯುವುದಿಲ್ಲ

ಹಳೇಬೀಡಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ದೇವಾಲಯಕ್ಕೆ ಒಂದು ಸುತ್ತು ಹಾಕಿ, ದೊಡ್ಡ ನಂದಿಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ಎಳನೀರು ಕುಡಿದು ಬೇಲೂರಿನ ಬಸ್ಸು ಹತ್ತಿಬಿಡುತ್ತಾರೆ. ಅಲ್ಲಿಂದ ನಡೆದರೆ ಹತ್ತೇ ನಿಮಿಷದ ದಾರಿಯಲ್ಲಿರುವ ಬಸ್ತಿಹಳ್ಳಿಗೆ ಹೋಗುವವರು ಕಡಿಮೆ. ಅಲ್ಲಿ ಒಂದೇ ಆವರಣದಲ್ಲಿ ಮೂರು ಜೈನ ಬಸದಿಗಳಿವೆ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಹೊರಗೋಡೆಗಳ ಮೇಲೆ ಹೊಯ್ಸಳೇಶ್ವರದಂಥ ಶಿಲ್ಪಗಳ ಜಾತ್ರೆ ಇಲ್ಲ. ಇರುವ ಸೊಗಸೆಲ್ಲ ಒಳಗೆ, ಕತ್ತಲಲ್ಲಿ.

ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪದೇವ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಅವನು. ನವರಂಗದ ಕಂಬಗಳೇ ಇಲ್ಲಿನ ವಿಶೇಷ. ಲೇತಿನ ಮೇಲೆ ತಿರುಗಿಸಿ ಕಡೆದರೆಂದು ವಿದ್ವಾಂಸರು ಹೇಳುವ ಬಳಪದ ಕಲ್ಲಿನ ಆ ಕಂಬಗಳಿಗೆ ಎಂಥ ನಯ ಬಂದಿದೆಯೆಂದರೆ, ಮುಂದೆ ನಿಂತವರ ನೆರಳು ಕಪ್ಪು ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಒಳಗೆ ಆಳೆತ್ತರಕ್ಕೆ ಎರಡು ಪಟ್ಟು ಮೀರಿದ ಪಾರ್ಶ್ವನಾಥನ ಕಪ್ಪು ಶಿಲೆಯ ಮೂರ್ತಿ. ಬಾಗಿಲಿನಿಂದ ಬಂದ ಬೆಳಕು ಕಂಬದಿಂದ ಕಂಬಕ್ಕೆ ಜಾರಿ, ಮೂರ್ತಿಯ ಹತ್ತಿರ ಹೋಗುವ ಹೊತ್ತಿಗೆ ಬಹುಪಾಲು ಸೋತಿರುತ್ತದೆ.

ಆ ಕಂಬಗಳ ಚಿತ್ರ ತೆಗೆಯಲು ನಾನು ಹೋದಾಗ, ಕಾವಲಿಗಿದ್ದವರು ಮೊದಲೇ ಹೇಳಿದರು: ‘ಫ್ಲ್ಯಾಷ್ ಹೊಡೀಬೇಡಿ ಸಾರ್, ಕಂಬದಲ್ಲಿ ನಿಮ್ಮ ಕ್ಯಾಮೆರಾನೇ ಬರ್ತದೆ.’ ಮುಕ್ಕಾಲಿ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ನನ್ನಲ್ಲಿ ಅದಿರಲಿಲ್ಲ. ಹೆಗಲ ಚೀಲವನ್ನು ನೆಲದ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಕೈ ತಾಗದಂತೆ ಟೈಮರ್ ಹಾಕಿ ಹಿಂದೆ ಸರಿದು ನಿಂತೆ. ಕ್ಯಾಮೆರಾ ತನ್ನ ಕಣ್ಣನ್ನು ಹದಿನೈದು ಸೆಕೆಂಡು ತೆರೆದೇ ಇಟ್ಟಿತ್ತು. ಚಿತ್ರ ಸೊಗಸಾಗಿ ಬಂತು. ಕಂಬದ ಮೇಲಿನ ಒಂದೊಂದು ಗೆರೆಯೂ ಎಣಿಸುವ ಹಾಗಿತ್ತು. ಕತ್ತಲಲ್ಲಿ ಚಿತ್ರ ತೆಗೆಯುವ ವಿದ್ಯೆ ಕೈವಶವಾಯಿತೆಂದು ನಾನು ಬೀಗಿದೆ.

ಆ ಬೀಗು ಇಳಿಯಲು ಒಂದು ತಿಂಗಳೂ ಬೇಕಾಗಲಿಲ್ಲ.

ಹಾಸನದ ಒಂದು ಒಳಾಂಗಣದಲ್ಲಿ ಶಾಲಾ ಮಕ್ಕಳ ಜಿಮ್ನಾಸ್ಟಿಕ್ಸ್ ಸ್ಪರ್ಧೆ ಇತ್ತು. ವರದಿಗೆ ಹೋದವನೇ ಚಿತ್ರವನ್ನೂ ತೆಗೆಯಬೇಕಿತ್ತು. ಸುಮಾರು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಓಡಿ ಬಂದು, ಹಲಗೆಯ ಮೇಲೆ ಪುಟಿದು, ಗಾಳಿಯಲ್ಲಿ ತಿರುಗಿ ಇಳಿದಳು. ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತು. ನನ್ನ ಕ್ಯಾಮೆರಾದಲ್ಲಿ ಮಾತ್ರ ಹುಡುಗಿ ಇರಲಿಲ್ಲ. ಅವಳು ಹೋದ ದಾರಿಯಲ್ಲಿ ನೀಲಿ ಬಣ್ಣದ ಒಂದು ಹೊಗೆ ಇತ್ತು. ಅರವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಒಂದೂ ಅಚ್ಚಿಗೆ ಯೋಗ್ಯವಾಗಿರಲಿಲ್ಲ. ಮರುದಿನ ಪತ್ರಿಕೆಯಲ್ಲಿ ಬಂದದ್ದು ಬಹುಮಾನ ವಿತರಣೆಯ ಚಿತ್ರ. ಮುಂದಿನ ಸಾಲಿನಲ್ಲಿ ಅತಿಥಿಗಳು, ಹಿಂದೆ ಎಲ್ಲೋ ಒಂದು ಮೂಲೆಯಲ್ಲಿ ಆ ಹುಡುಗಿಯ ತಲೆ.

ನಮ್ಮ ಜಿಲ್ಲಾ ಪುಟಗಳಲ್ಲಿ ಒಳಾಂಗಣ ಕ್ರೀಡೆಗಳು ಸಾಮಾನ್ಯವಾಗಿ ಬಹುಮಾನ ವಿತರಣೆಯ ರೂಪದಲ್ಲೇ ಕಾಣಿಸಿಕೊಳ್ಳುವುದೇಕೆ ಎಂಬುದಕ್ಕೆ ಅಂದು ಒಂದು ಕಾರಣ ಸಿಕ್ಕಿತು. ಆಸಕ್ತಿ ಇಲ್ಲವೆಂದಲ್ಲ, ಆಟದ ಚಿತ್ರ ಬರುವುದಿಲ್ಲ. ಏಕೆ ಬರುವುದಿಲ್ಲ, ಬರಿಸುವುದು ಹೇಗೆ ಎಂಬುದೇ ಈ ಲೇಖನದ ವಸ್ತು.

ಕೊಡ ತುಂಬುವ ಲೆಕ್ಕ

ಕ್ಯಾಮೆರಾ ಎಷ್ಟೇ ದುಬಾರಿಯದಾಗಲಿ, ಅದರ ಕೆಲಸ ಬೀದಿ ನಲ್ಲಿಯಲ್ಲಿ ಕೊಡ ತುಂಬಿಸುವ ಕೆಲಸದಂಥದ್ದು. ನೀರಿನ ಬದಲು ಬೆಳಕು, ಅಷ್ಟೆ. ಕೊಡ ತುಂಬಲು ಮೂರು ಸಂಗತಿಗಳು ಲೆಕ್ಕಕ್ಕೆ ಬರುತ್ತವೆ. ನಲ್ಲಿಯನ್ನು ಎಷ್ಟು ತಿರುಗಿಸಿದ್ದೇವೆ, ಎಷ್ಟು ಹೊತ್ತು ಬಿಟ್ಟಿದ್ದೇವೆ, ಕೊಡ ಎಷ್ಟು ದೊಡ್ಡದು.

ನಲ್ಲಿ ತಿರುಗಿಸುವುದೆಂದರೆ ಲೆನ್ಸಿನೊಳಗಿನ ಕಿಂಡಿಯನ್ನು ಹಿಗ್ಗಿಸುವುದು. ಇದಕ್ಕೆ ಅಪರ್ಚರ್ ಎನ್ನುತ್ತಾರೆ. ಇದನ್ನು ‘ಎಫ್’ ಸಂಖ್ಯೆಯಲ್ಲಿ ಅಳೆಯುತ್ತಾರೆ: ಎಫ್ 2, ಎಫ್ 2.8, ಎಫ್ 4, ಎಫ್ 5.6, ಎಫ್ 8. ಇಲ್ಲಿ ಹೊಸಬರಿಗೆ ಒಂದು ಗೊಂದಲವಿದೆ. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಒಂದೊಂದು ಮೆಟ್ಟಿಲು ಏರಿದಾಗಲೂ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಲೆನ್ಸಿನ ನಾಭಿದೂರವನ್ನು ಕಿಂಡಿಯ ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆ ಇದಾದ್ದರಿಂದ ಹೀಗೆ.

ನಲ್ಲಿ ಬಿಟ್ಟಿರುವ ಹೊತ್ತೆಂದರೆ ಷಟರ್ ತೆರೆದಿರುವ ಕಾಲ. ಸೆಕೆಂಡಿನ ಹದಿನೈದನೇ ಒಂದು ಭಾಗ, ಅರವತ್ತನೇ ಒಂದು ಭಾಗ, ಸಾವಿರದ ಒಂದು ಭಾಗ ಹೀಗೆ.

ಮೂರನೆಯದು ಕೊಡ. ಫಿಲ್ಮಿನ ಕಾಲದಲ್ಲಿ ಇದು ಫಿಲ್ಮಿನ ವೇಗವಾಗಿತ್ತು. ಈಗಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಒಂದು ಗುಂಡಿ ಒತ್ತಿ ಬದಲಿಸಬಹುದಾದ ಐಎಸ್‌ಒ ಸಂಖ್ಯೆ. ಐಎಸ್‌ಒ 100 ದೊಡ್ಡ ಕೊಡ, 3200 ಚಿಕ್ಕ ಚೊಂಬು. ಚೊಂಬು ಬೇಗ ತುಂಬುತ್ತದೆ, ಆದರೆ ಸಿಗುವ ನೀರು ಕಡಿಮೆ. ಚಿತ್ರದಲ್ಲಿ ಆ ಕೊರತೆ ಕಾಳುಕಾಳಾಗಿ, ರವೆ ಚೆಲ್ಲಿದಂತೆ ಕಾಣುತ್ತದೆ.

ಈಗ ಬಸ್ತಿಹಳ್ಳಿಗೆ ಬನ್ನಿ. ಅಲ್ಲಿ ನಾನು ಇಟ್ಟದ್ದು ಐಎಸ್‌ಒ 100, ಎಫ್ 8, ಹದಿನೈದು ಸೆಕೆಂಡು. ದೊಡ್ಡ ಕೊಡ, ಸಣ್ಣಗೆ ತಿರುಗಿಸಿದ ನಲ್ಲಿ, ಬೇಕಾದಷ್ಟು ಹೊತ್ತು. ಕಂಬ ಎಂಟು ನೂರು ವರ್ಷದಿಂದ ನಿಂತಿದೆ. ಇನ್ನೂ ಹದಿನೈದು ಸೆಕೆಂಡು ನಿಲ್ಲುವುದು ಅದಕ್ಕೆ ದೊಡ್ಡ ಮಾತಲ್ಲ. ಬೆಳಕಿನ ಸಾಲವನ್ನೆಲ್ಲ ನಾನು ಕಾಲದಲ್ಲಿ ತೀರಿಸಿದ್ದೆ.

ಜಿಮ್ನಾಸ್ಟ್ ಹುಡುಗಿ ಆ ಕಾಲವನ್ನು ಕೊಡುವುದಿಲ್ಲ.

ಒಂದು ಮೊಳದ ಹೊಗೆ

ಸಭಾಂಗಣ ನಮ್ಮ ಕಣ್ಣಿಗೆ ಕತ್ತಲೆನಿಸುವುದಿಲ್ಲ. ಮೇಲೆ ಸಾಲು ದೀಪಗಳಿರುತ್ತವೆ, ಕೂತು ಪೇಪರ್ ಓದಬಹುದು. ಆದರೆ ಕಣ್ಣು ನಮ್ಮನ್ನು ಮೋಸಗೊಳಿಸುತ್ತದೆ. ಮಂದ ಬೆಳಕಿಗೆ ಅದು ಎಷ್ಟು ಬೇಗ ಒಗ್ಗಿಕೊಳ್ಳುತ್ತದೆಯೆಂದರೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಕ್ಯಾಮೆರಾದ ಮೀಟರು ಸುಳ್ಳು ಹೇಳದು. ಮಧ್ಯಾಹ್ನದ ಬಿಸಿಲಿಗೂ ಅಂಥ ಸಭಾಂಗಣದ ಬೆಳಕಿಗೂ ಅದು ಎಂಟು ಮೆಟ್ಟಿಲುಗಳ ಅಂತರ ತೋರಿಸುತ್ತದೆ. ಒಂದು ಮೆಟ್ಟಿಲಿಗೆ ಅರ್ಧದಂತೆ ಎಂಟು ಮೆಟ್ಟಿಲು ಇಳಿದರೆ ಬಿಸಿಲಿನ 256ರಲ್ಲಿ ಒಂದು ಪಾಲು ಬೆಳಕು.

ಅಂದು ನನ್ನಲ್ಲಿದ್ದದ್ದು ಕ್ಯಾಮೆರಾದ ಜೊತೆಗೇ ಬರುವ ಸಾಧಾರಣ ಜೂಮ್ ಲೆನ್ಸ್, 18ರಿಂದ 55 ಮಿಲಿಮೀಟರಿನದು. ದೂರದ್ದನ್ನು ಹತ್ತಿರ ಎಳೆದುಕೊಂಡಾಗ ಅದರ ಕಿಂಡಿ ಎಫ್ 5.6ಕ್ಕಿಂತ ಹಿಗ್ಗುವುದಿಲ್ಲ. ಐಎಸ್‌ಒ 400ಕ್ಕೆ ಇಟ್ಟಿದ್ದೆ. ಕಾಳು ಬರಬಾರದೆಂಬ ಮಡಿ. ಉಳಿದದ್ದನ್ನು ಕ್ಯಾಮೆರಾಕ್ಕೇ ಬಿಟ್ಟಿದ್ದೆ. ಅದು ಪಾಪ, ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದು ಷಟರನ್ನು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ತೆರೆದಿಟ್ಟಿತು.

ಓಡಿ ಬಂದು ವಾಲ್ಟ್ ಮಾಡುವ ಪಳಗಿದ ಜಿಮ್ನಾಸ್ಟ್ ಸೆಕೆಂಡಿಗೆ ಸುಮಾರು ಏಳು ಮೀಟರ್ ವೇಗದಲ್ಲಿರುತ್ತಾರೆ. ಏಳು ಮೀಟರನ್ನು ಹದಿನೈದರಿಂದ ಭಾಗಿಸಿ. ಸುಮಾರು 47 ಸೆಂಟಿಮೀಟರ್ ಬರುತ್ತದೆ, ಅಂದರೆ ಒಂದು ಮೊಳ. ಷಟರ್ ತೆರೆದು ಮುಚ್ಚುವಷ್ಟರಲ್ಲಿ ದೇಹ ಒಂದು ಮೊಳ ಮುಂದೆ ಹೋಗಿರುತ್ತದೆ. ಚಿಕ್ಕ ಹುಡುಗಿಯ ವೇಗ ಇದಕ್ಕಿಂತ ತುಸು ಕಡಿಮೆಯೇ ಇರಲಿ, ಹೊಗೆಯಂತೂ ತಪ್ಪುವುದಿಲ್ಲ. ಷಟರ್ ಕಾಲವನ್ನು ಸೆಕೆಂಡಿನ ಐನೂರನೇ ಒಂದು ಭಾಗಕ್ಕಿಳಿಸಿದರೆ ಅದೇ ದೇಹ ಚಲಿಸುವುದು ಒಂದೂವರೆ ಸೆಂಟಿಮೀಟರಿಗೂ ಕಡಿಮೆ. ಸಾವಿರದ ಒಂದು ಭಾಗಕ್ಕಿಳಿಸಿದರೆ ಏಳು ಮಿಲಿಮೀಟರ್. ಆಗ ಮುಖದಲ್ಲಿ ಮೂಗು, ಕಣ್ಣು ಕಾಣುತ್ತವೆ, ಕೈಗೆ ಬಳಿದ ಬಿಳಿ ಪುಡಿಯೂ ಕಾಣುತ್ತದೆ.

ಹದಿನೈದನೇ ಒಂದು ಭಾಗದಿಂದ ಸಾವಿರದ ಒಂದು ಭಾಗಕ್ಕೆ ಇಳಿಯಬೇಕಾದರೆ ಸುಮಾರು 64 ಪಟ್ಟು ಬೆಳಕನ್ನು ಬೇರೆಲ್ಲಿಂದಲೋ ತರಬೇಕು. ಎಲ್ಲಿಂದ? ಉಳಿದಿರುವುದು ಎರಡೇ ಬಾಗಿಲು, ನಲ್ಲಿ ಮತ್ತು ಕೊಡ. ಕಿಂಡಿಯನ್ನು ಎಫ್ 5.6ರಿಂದ ಎಫ್ 2ಕ್ಕೆ ಹಿಗ್ಗಿಸಿದರೆ ಎಂಟು ಪಟ್ಟು. ಐಎಸ್‌ಒವನ್ನು 400ರಿಂದ 3200ಕ್ಕೆ ಏರಿಸಿದರೆ ಮತ್ತೆ ಎಂಟು ಪಟ್ಟು. ಎಂಟೆಂಟಲೆ ಅರವತ್ತನಾಲ್ಕು. ಮಗ್ಗಿ ಬಲ್ಲವರಿಗೆ ಇದರಲ್ಲಿ ಗುಟ್ಟೇನೂ ಇಲ್ಲ. ಒಳಾಂಗಣ ಕ್ರೀಡೆಯ ಛಾಯಾಗ್ರಹಣವೆಲ್ಲ ಈ ಒಂದು ಗುಣಾಕಾರದ ಮೇಲೆ ನಿಂತಿದೆ.

ಯಾವ ಲೆನ್ಸ್?

ಎಫ್ 2ಕ್ಕೆ ಹಿಗ್ಗುವ ಲೆನ್ಸ್ ಎಂದಕೂಡಲೆ ಕ್ರೀಡಾಂಗಣಗಳಲ್ಲಿ ಕಾಣುವ ಫಿರಂಗಿಯಂಥ ಬಿಳಿ ಲೆನ್ಸುಗಳು ನೆನಪಾಗುತ್ತವೆ. 200 ಮಿಲಿಮೀಟರ್ ನಾಭಿದೂರಕ್ಕೆ ಎಫ್ 2.8 ಬೇಕಾದರೆ ಗಾಜಿನ ಅಗಲ 71 ಮಿಲಿಮೀಟರಿಗೆ ಕಡಿಮೆ ಇರುವಂತಿಲ್ಲ. ಅಷ್ಟಗಲದ ಗಾಜನ್ನು ದೋಷವಿಲ್ಲದೆ ಉಜ್ಜಿ ಕೂರಿಸುವುದರಿಂದಲೇ ಅದರ ತೂಕ, ಅದರ ಬೆಲೆ. 70ರಿಂದ 200 ಮಿಲಿಮೀಟರಿನ ಎಫ್ 2.8 ಜೂಮ್ ಒಳಾಂಗಣ ಕ್ರೀಡಾ ಛಾಯಾಗ್ರಾಹಕರ ಕುಲದೈವವಿದ್ದಂತೆ. ಆದರೆ ಅದನ್ನು ಕೊಳ್ಳುವುದು ಎಲ್ಲರ ಕೈಲಾಗುವ ಮಾತಲ್ಲ.

ಬಡವರಿಗೂ ಒಂದು ದಾರಿಯಿದೆ. ಜೂಮ್ ಇಲ್ಲದ, ಒಂದೇ ನಾಭಿದೂರದ ಲೆನ್ಸುಗಳು. 50 ಮಿಲಿಮೀಟರಿನ ಎಫ್ 1.8 ಲೆನ್ಸ್ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಮಾರುವ ಅಗ್ಗದ ಲೆನ್ಸುಗಳಲ್ಲಿ ಒಂದು. ಕಿಟ್ ಜೂಮಿನ ಎಫ್ 5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಅದು ಒಳಬಿಡುತ್ತದೆ. 85 ಮಿಲಿಮೀಟರಿನ ಎಫ್ 1.8 ಇದಕ್ಕಿಂತ ದುಬಾರಿ, ಆದರೆ ಜಿಮ್ನಾಸ್ಟಿಕ್ಸಿಗೆ ಹೇಳಿ ಮಾಡಿಸಿದಂಥದು. ಜೂಮ್ ಇಲ್ಲವಲ್ಲ ಎಂದರೆ, ನಮ್ಮ ಎರಡು ಕಾಲುಗಳೇ ಜೂಮ್. ಅನುಮತಿ ಕೇಳಿ ಹತ್ತಿರ ಹೋಗಿ ಕೂರಬೇಕು.

ನಲ್ಲಿಯನ್ನು ಪೂರಾ ತಿರುಗಿಸಿದ್ದಕ್ಕೆ ಒಂದು ದಂಡವೂ ಉಂಟು. ಕಿಂಡಿ ಹಿಗ್ಗಿದಷ್ಟೂ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಪ್ರದೇಶದ ಆಳ ಕುಗ್ಗುತ್ತದೆ. 85 ಮಿಲಿಮೀಟರ್ ಲೆನ್ಸಿನಲ್ಲಿ ಎಫ್ 1.8 ಇಟ್ಟು ಐದು ಮೀಟರ್ ದೂರದ ಹುಡುಗಿಯ ಚಿತ್ರ ತೆಗೆದರೆ, 35 ಮಿಲಿಮೀಟರ್ ಫಿಲ್ಮಿನಷ್ಟು ದೊಡ್ಡ ಸಂವೇದಕವಿರುವ ಕ್ಯಾಮೆರಾದಲ್ಲಿ ಆ ಆಳ ಸುಮಾರು 37 ಸೆಂಟಿಮೀಟರ್. ಒಂದು ಮೊಳಕ್ಕೂ ಕಡಿಮೆ. ಚಾಚಿದ ಪಾದ ಸ್ಪಷ್ಟವಾಗಿದ್ದರೆ ಮುಖ ಮಸುಕಾಗಬಹುದು. ಬಸದಿಯಲ್ಲಿ ನಾನು ಎಫ್ 8 ಇಟ್ಟಿದ್ದು ಇದೇ ಕಾರಣಕ್ಕೆ. ಹತ್ತಿರದ ಕಂಬದಿಂದ ಹಿಂದಿನ ಕಂಬದವರೆಗೆ ಎಲ್ಲವೂ ತಿಳಿಯಾಗಿ ಬೇಕಿತ್ತು. ಸಭಾಂಗಣದಲ್ಲಿ ಆ ಸುಖ ಇಲ್ಲ.

ಹಾಗಾಗಿ ಫೋಕಸ್ ಮಾಡುವ ಕ್ರಮವೂ ಬದಲಾಗಬೇಕು. ಓಡುವ ದೇಹವನ್ನು ಬಿಡದೆ ಹಿಂಬಾಲಿಸುವ ‘ಕಂಟಿನ್ಯುಯಸ್’ ಫೋಕಸ್ ಇಡುವುದು ಒಂದು ಕ್ರಮ. ಇನ್ನೊಂದು ಹಳಬರ ಕ್ರಮ: ದೇಹ ಬರಲಿರುವ ಜಾಗಕ್ಕೆ ಮೊದಲೇ ಫೋಕಸ್ ಮಾಡಿ ಬೀಗ ಹಾಕಿ ಕಾಯುವುದು. ವಾಲ್ಟ್ ಮೇಜು ಎಲ್ಲಿಗೂ ಓಡಿ ಹೋಗುವುದಿಲ್ಲ. ಬ್ಯಾಲೆನ್ಸ್ ಬೀಮ್ ಎಂಬ ತೊಲೆಯ ಉದ್ದ ಐದು ಮೀಟರ್, ನೆಲದಿಂದ ಎತ್ತರ ಒಂದೂಕಾಲು ಮೀಟರ್, ಅಗಲ ಹತ್ತೇ ಸೆಂಟಿಮೀಟರ್. ಕುಣಿಯಲಿ, ಲಾಗ ಹಾಕಲಿ, ಹುಡುಗಿ ಆ ಹತ್ತು ಸೆಂಟಿಮೀಟರಿನ ಮೇಲೆಯೇ ಇಳಿಯಬೇಕು. ತೊಲೆಯ ಪಕ್ಕಕ್ಕೆ, ಅದಕ್ಕೆ ಸಮಾನಾಂತರವಾಗಿ ಕುಳಿತವನಿಗೆ ಫೋಕಸಿನ ಅರ್ಧ ಕಷ್ಟ ಅಲ್ಲಿಗೇ ಮುಗಿಯುತ್ತದೆ.

ಫ್ಲ್ಯಾಷ್ ಏಕೆ ಬೇಡ

ಇಷ್ಟೆಲ್ಲ ತಾಪತ್ರಯ ಏಕೆ, ಫ್ಲ್ಯಾಷ್ ಹೊಡೆದರಾಯಿತಲ್ಲ ಎಂದು ಓದುಗರು ಕೇಳಬಹುದು. ಅಂದು ಹಾಸನದಲ್ಲಿ ನಾನೂ ಹಾಗೆಯೇ ಯೋಚಿಸಿ ಫ್ಲ್ಯಾಷನ್ನು ಮೇಲೆತ್ತಿದೆ. ಮಕ್ಕಳ ತರಬೇತುದಾರರು ಓಡಿ ಬಂದರು. ‘ಸಾರ್, ದಯವಿಟ್ಟು ಬೇಡಿ. ತೊಲೆ ಮೇಲಿರೋ ಮಗು ಕಣ್ಣಿಗೆ ಬಿದ್ರೆ ಗತಿಯೇನು?’

ಅವರು ಹೇಳಿದ್ದು ಸರಿ. ಗಾಳಿಯಲ್ಲಿ ತಿರುಗುವಾಗ ಜಿಮ್ನಾಸ್ಟ್ ತಾನು ಇಳಿಯಬೇಕಾದ ಜಾಗವನ್ನು ಕಣ್ಣಿನಿಂದ ಹುಡುಕಿ ಹಿಡಿಯುತ್ತಾಳೆ. ಅದಕ್ಕೆ ಸಿಗುವುದು ಸೆಕೆಂಡಿನ ಒಂದು ತುಣುಕು. ಆ ತುಣುಕಿನಲ್ಲಿ ಕಣ್ಣಿಗೆ ಮಿಂಚು ಹೊಡೆದರೆ ಹತ್ತು ಸೆಂಟಿಮೀಟರಿನ ತೊಲೆ ಕಾಣೆಯಾಗುತ್ತದೆ. ಪಾದ ತಪ್ಪಿದರೆ ಹೋಗುವುದು ಒಂದು ಅಂಕ ಮಾತ್ರವಲ್ಲ, ಕಣಕಾಲೂ ಹೋಗಬಹುದು, ಕುತ್ತಿಗೆಯೂ ಹೋಗಬಹುದು. ಜಿಮ್ನಾಸ್ಟಿಕ್ಸ್ ಸ್ಪರ್ಧೆಗಳಲ್ಲಿ ಫ್ಲ್ಯಾಷ್ ನಿಷೇಧಿಸಿರುವುದು ಇದಕ್ಕಾಗಿಯೇ. ಇದು ಪತ್ರಿಕೆಯವರಿಗೆ ಮಾತ್ರ ಹೇಳಿದ ಮಾತಲ್ಲ. ಮಕ್ಕಳ ಸ್ಪರ್ಧೆಗೆ ಮೊಬೈಲ್ ಹಿಡಿದು ಬರುವ ತಂದೆತಾಯಿಗಳು ಅದರ ಫ್ಲ್ಯಾಷ್ ಆರಿಸಿದ್ದೇವೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಅಪಾಯದ ಮಾತು ಬಿಟ್ಟರೂ ಫ್ಲ್ಯಾಷಿನಿಂದ ಲಾಭ ಅಷ್ಟಕ್ಕಷ್ಟೆ. ದೂರ ಎರಡು ಪಟ್ಟಾದರೆ ಅದರ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮೂರು ಮೀಟರಿನಲ್ಲಿ ಸಾಕಾಗುವ ಫ್ಲ್ಯಾಷ್ ಹನ್ನೆರಡು ಮೀಟರಿನಲ್ಲಿ ಹದಿನಾರನೇ ಒಂದು ಪಾಲು ಮಾತ್ರ. ಮುಂದಿನ ಸಾಲಿನವರ ಬೆನ್ನು ಬೆಳಗುತ್ತದೆ, ಹುಡುಗಿ ಕತ್ತಲಲ್ಲಿರುತ್ತಾಳೆ. ಬಸ್ತಿಹಳ್ಳಿಯ ಕಾವಲಿನವರಿಗೂ ಹಾಸನದ ತರಬೇತುದಾರರಿಗೂ ಪರಿಚಯವಿಲ್ಲ; ಇಬ್ಬರೂ ಒಂದೇ ಮಾತು ಹೇಳಿದರು, ಬೇರೆ ಬೇರೆ ಕಾರಣಕ್ಕೆ.

ದೀಪಗಳ ವಿಚಾರದಲ್ಲಿ ಇನ್ನೊಂದು ವಿಚಿತ್ರವಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ ಐವತ್ತು ಆವರ್ತನದ್ದು. ಇದರಿಂದಾಗಿ ಹಲವು ಬಗೆಯ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ಕಾಣದು. ಸಾವಿರದ ಒಂದು ಭಾಗದಲ್ಲಿ ಚಿತ್ರ ತೆಗೆವ ಕ್ಯಾಮೆರಾಕ್ಕೆ ಕಾಣುತ್ತದೆ. ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಂಕಾಗಿ, ಅದರ ಮುಂದಿನದು ಹಳದಿಗೆ ತಿರುಗಿ ಬರುತ್ತವೆ. ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಈಚಿನ ಹಲವು ಕ್ಯಾಮೆರಾಗಳಲ್ಲಿ ಈ ಮಿನುಗನ್ನು ಅಳೆದು, ದೀಪ ಪೂರ್ಣ ಬೆಳಗಿದ ಗಳಿಗೆಯಲ್ಲೇ ಷಟರ್ ತೆರೆಯುವ ವ್ಯವಸ್ಥೆಯಿದೆ. ಅದಿಲ್ಲದವರು ಒಂದರ ಹಿಂದೊಂದರಂತೆ ನಾಲ್ಕೈದು ಚಿತ್ರ ತೆಗೆದು ಒಳ್ಳೆಯದನ್ನು ಆರಿಸಬೇಕು.

ಮೊಬೈಲಿನ ‘ನೈಟ್ ಮೋಡ್’ ಇಲ್ಲಿ ಕೈಕೊಡುವುದು ಏಕೆಂದೂ ಈಗ ಸ್ಪಷ್ಟವಾಗುತ್ತದೆ. ಅದು ಸೆಕೆಂಡು, ಎರಡು ಸೆಕೆಂಡಿನ ಅವಧಿಯಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯುತ್ತದೆ. ಬಸದಿಯ ಕಂಬಕ್ಕೆ ಅದು ಸರಿ. ಲಾಗ ಹಾಕುವ ಹುಡುಗಿಗೆ ಅದರಿಂದ ಏನೂ ಉಪಯೋಗವಿಲ್ಲ.

ಬಿಸಿಲಿಗೆ ಕಾದವರು

ಕಾಲ ಮತ್ತು ಬೆಳಕಿನ ಈ ಜಗಳ ಛಾಯಾಗ್ರಹಣದಷ್ಟೇ ಹಳೆಯದು. ಹಳೇಬೀಡಿನ ಶಿಲ್ಪಗಳನ್ನು ಮೊದಮೊದಲು ಕ್ಯಾಮೆರಾದಲ್ಲಿ ಹಿಡಿದವರಲ್ಲಿ ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಬ್ರಿಟಿಷ್ ಸೇನಾಧಿಕಾರಿಯೂ ಒಬ್ಬ. 1850ರ ದಶಕದಲ್ಲಿ ಅವನು ತೆಗೆದ ಚಿತ್ರಗಳು 1859ರಲ್ಲಿ ‘ದಿ ಪಗೋಡಾ ಆಫ್ ಹಲ್ಲಿಬೀಡ್’ ಎಂಬ ಹೆಸರಿನಲ್ಲಿ ಪುಸ್ತಕವಾದವು. ಅಂದಿನ ವಿಧಾನಗಳಲ್ಲಿ ಬಿಸಿಲಿನಲ್ಲೂ ಸೆಕೆಂಡುಗಟ್ಟಲೆ, ನೆರಳಿನಲ್ಲಿ ನಿಮಿಷಗಟ್ಟಲೆ ಕಾಯಬೇಕಿತ್ತು. ಗೋಡೆಯ ಮೇಲಿನ ನರ್ತಕಿಯರು ಕಾದರು. ಅವರ ಮುಂದೆ ಜೀವಂತ ನರ್ತಕಿಯೊಬ್ಬಳು ಕುಣಿದಿದ್ದರೆ ಅವಳ ಗುರುತೂ ಉಳಿಯುತ್ತಿರಲಿಲ್ಲ.

ಚಲಿಸುವ ದೇಹವನ್ನು ಚಿತ್ರದಲ್ಲಿ ನಿಲ್ಲಿಸಿ ಜಗತ್ತನ್ನು ಬೆರಗುಗೊಳಿಸಿದವನು ಎಡ್ವರ್ಡ್ ಮೈಬ್ರಿಜ್. 1878ರ ಜೂನ್‌ನಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಓಟದ ಹಾದಿಯುದ್ದಕ್ಕೂ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿಟ್ಟು, ಓಡುವ ಕುದುರೆಯ ನಾಲ್ಕೂ ಕಾಲುಗಳು ಒಂದು ಗಳಿಗೆ ನೆಲ ಬಿಟ್ಟಿರುತ್ತವೆಂದು ತೋರಿಸಿದ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಒಲಿಂಪಿಕ್ ಕ್ಲಬ್ಬಿನ ಕಸರತ್ತುಗಾರರನ್ನು ಕರೆಸಿ ಲಾಗ ಹಾಕಿಸಿ ಚಿತ್ರ ತೆಗೆದ. ಆದರೆ ಒಂದನ್ನು ಗಮನಿಸಬೇಕು. ಕುದುರೆಯನ್ನಾಗಲಿ ಕಸರತ್ತನ್ನಾಗಲಿ ಅವನು ಸೆರೆಹಿಡಿದದ್ದು ಬಯಲಿನಲ್ಲಿ, ಕಣ್ಣು ಕೋರೈಸುವ ಬಿಸಿಲಿನಲ್ಲಿ. ಸೂರಿನ ಕೆಳಗೆ ಹೋಗುವ ಧೈರ್ಯ ಅಂದಿನ ಗಾಜಿನ ಫಲಕಗಳಿಗೆ ಇರಲಿಲ್ಲ. ಇಂದಿನ ಅಗ್ಗದ ಕ್ಯಾಮೆರಾಕ್ಕೂ ಆ ಧೈರ್ಯವಿದೆ. ಬಳಸಲು ನಮಗೆ ತಿಳಿದಿರಬೇಕು.

ಕಂಬದ ಮೇಲಿನ ದೇಹ

ಇನ್ನುಳಿದದ್ದು ಯಾವಾಗ ಗುಂಡಿ ಒತ್ತಬೇಕೆಂಬ ಪ್ರಶ್ನೆ. ಇದಕ್ಕೆ ಲೆನ್ಸ್ ಉತ್ತರ ಹೇಳುವುದಿಲ್ಲ. ನಮ್ಮದೇ ಒಂದು ಕಸರತ್ತು ಹೇಳುತ್ತದೆ.

ಬೊಪ್ಪದೇವ ಬಸದಿ ಕಟ್ಟಿಸುತ್ತಿದ್ದ ದಶಕದಲ್ಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರಲ್ಲಿ ಮಲ್ಲರ ವ್ಯಾಯಾಮಗಳ ಮಾತು ಬರುವಾಗ ಕಂಬದ ಮೇಲಿನ ಸಾಧನೆಯೂ ಬರುತ್ತದೆ. ಮಲ್ಲಕಂಬದ ಹಿರಿತನ ಅಷ್ಟು. ಪೇಶ್ವೆ ಎರಡನೇ ಬಾಜಿರಾಯನ ಕಾಲದಲ್ಲಿ ಬಾಳಂಭಟ್ಟ ದೇವಧರ ಅದಕ್ಕೆ ಮರುಜೀವ ಕೊಟ್ಟ. ಕರ್ನಾಟಕದಲ್ಲಿ ಗದಗ, ಬಾಗಲಕೋಟೆ ಸೀಮೆಗಳಲ್ಲಿ ಅದು ಇಂದಿಗೂ ಬೇರು ಬಿಟ್ಟಿದೆ. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಪೂರವಾಗುವ ಮರದ ಕಂಬ. ಅದಕ್ಕೆ ಹರಳೆಣ್ಣೆ ಸವರಿರುತ್ತಾರೆ. ಹುಡುಗರು ಹುಡುಗಿಯರು ಅದರ ಮೇಲೆ ಹಾರಿ, ಸುತ್ತಿ, ಕಾಲಿನ ಹಿಡಿತವೊಂದರಲ್ಲೇ ತಲೆಕೆಳಗಾಗಿ ನಿಲ್ಲುತ್ತಾರೆ.

ಮಲ್ಲಕಂಬ ನೋಡುತ್ತ ಕೂತರೆ ಒಂದು ಲಯ ತಿಳಿಯುತ್ತದೆ. ಚಲನೆ, ನಿಲುಗಡೆ. ಮತ್ತೆ ಚಲನೆ, ಮತ್ತೆ ನಿಲುಗಡೆ. ಪ್ರತಿ ಆಸನದ ತುದಿಯಲ್ಲಿ ದೇಹ ಒಂದು ಗಳಿಗೆ ಕಂಬದಷ್ಟೇ ಸ್ಥಿರ. ಜಿಮ್ನಾಸ್ಟಿಕ್ಸಿನಲ್ಲೂ ಈ ನಿಲುಗಡೆ ಇದೆ, ಅಡಗಿ ಕುಳಿತಿದೆ, ಅಷ್ಟೆ. ಮೇಲಕ್ಕೆ ಹಾರಿದ ದೇಹ ಏರುತ್ತ ಏರುತ್ತ ವೇಗ ಕಳೆದುಕೊಂಡು, ತುತ್ತತುದಿಯಲ್ಲಿ ಏರುವುದನ್ನು ನಿಲ್ಲಿಸಿ, ಆಮೇಲೆ ಇಳಿಯಲು ತೊಡಗುತ್ತದೆ. ಗುರುತ್ವದ ಲೆಕ್ಕದಂತೆ, ಆ ತುದಿಗೆ ಮುಂಚಿನ ಮತ್ತು ನಂತರದ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ದೇಹ ಮೇಲೆ ಕೆಳಗೆ ಸರಿಯುವುದು ಬರೀ ಐದು ಸೆಂಟಿಮೀಟರ್. ನೋಡುವವರಿಗೆ ಅವಳು ಗಾಳಿಯಲ್ಲಿ ತೂಗಿ ನಿಂತಂತೆ ಕಾಣುವುದು ಇದರಿಂದಲೇ. ಗುಂಡಿ ಒತ್ತಬೇಕಾದದ್ದು ಅಲ್ಲಿ. ಬೀಮಿನ ಮೇಲಿನ ನೆಗೆತದಲ್ಲಿ ಕಾಲುಗಳು ಪೂರಾ ಚಾಚಿಕೊಂಡಾಗ, ಬಾರ್ ಮೇಲೆ ತೂಗಿ ಕೈಯಲ್ಲಿ ನಿಂತಾಗ, ನೆಲದ ಕಸರತ್ತಿನಲ್ಲಿ ಲಾಗಕ್ಕೆ ಮುಂಚೆ ಮೂಲೆಯಲ್ಲಿ ಉಸಿರೆಳೆದುಕೊಳ್ಳುವಾಗ.

ಕಂಡ ಮೇಲೆ ಒತ್ತಿದರೆ ತಡವಾಗಿರುತ್ತದೆ. ಕಣ್ಣಿನಿಂದ ಬೆರಳಿಗೆ ಸುದ್ದಿ ಮುಟ್ಟಲೂ ಹೊತ್ತು ಬೇಕು. ಬರಲಿದೆ ಎಂದು ಮೊದಲೇ ಗೊತ್ತಿರಬೇಕು. ಅದಕ್ಕೆ ಒಂದೇ ಉಪಾಯ: ಸ್ಪರ್ಧೆಗೆ ಮುಂಚಿನ ಅಭ್ಯಾಸವನ್ನು ಕ್ಯಾಮೆರಾ ತೆಗೆಯದೆ ನೋಡುವುದು. ಎರಡು ಸಲ ನೋಡಿದರೆ ಯಾವ ಹೆಜ್ಜೆಯ ನಂತರ ನೆಗೆತವೆಂದು ತಿಳಿಯುತ್ತದೆ.

ಬೇಲೂರಿನ ಮದನಿಕೆಯರನ್ನು, ಹಳೇಬೀಡಿನ ಗೋಡೆಯ ನರ್ತಕಿಯರನ್ನು ಕಡೆದ ರೂವಾರಿಗಳೂ ಹೀಗೇ ನೋಡಿರಬೇಕೆಂದು ನನಗೆ ಅನಿಸುತ್ತದೆ. ಮೊಣಕಾಲು ಬಾಗಿ, ನಡು ತಿರುಗಿ, ಕೈ ಮೇಲೆದ್ದ ಭಂಗಿ ಇರುತ್ತದೆ. ಅರ್ಧ ದಾರಿಯಲ್ಲಿರುವ ಕೈ ಇರುವುದಿಲ್ಲ. ಕುಣಿತದಲ್ಲಿ ದೇಹ ನಿಲ್ಲುವ ಗಳಿಗೆ ಯಾವುದೆಂದು ತಿಳಿಯದವರಿಗೆ ಅದನ್ನು ಕಲ್ಲಿನಲ್ಲಿ ನಿಲ್ಲಿಸಲು ಆಗುತ್ತಿರಲಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಭಂಗಿಗಳ ಮುಂದೆ ಕ್ಯಾಮೆರಾ ಹಿಡಿಯುವವರು ಇನ್ನೂ ಹೆಚ್ಚಿದ್ದಾರೆ.

ಕಾಳಾದರೂ ಸರಿ

ಮರುವರ್ಷ ಅದೇ ಸ್ಪರ್ಧೆಗೆ ಗೆಳೆಯರೊಬ್ಬರಿಂದ 85 ಮಿಲಿಮೀಟರ್ ಲೆನ್ಸ್ ಎರವಲು ಪಡೆದು ಹೋದೆ. ಎಫ್ 2, ಐಎಸ್‌ಒ 3200, ಸೆಕೆಂಡಿನ ಸಾವಿರದ ಒಂದು ಭಾಗ. ಮೂರನ್ನೂ ನಾನೇ ಇಟ್ಟು, ಕ್ಯಾಮೆರಾದ ಬುದ್ಧಿವಂತಿಕೆಯನ್ನು ಆರಿಸಿದೆ. ಬೆಳಿಗ್ಗೆ ಒಂದು ಗಂಟೆ ಅಭ್ಯಾಸ ನೋಡಿದೆ. ಮಧ್ಯಾಹ್ನ ಬೀಮಿನ ಪಕ್ಕ ನೆಲದ ಮೇಲೆ ಕುಳಿತೆ, ತರಬೇತುದಾರರು ತೋರಿಸಿದ ಜಾಗದಲ್ಲಿ, ಮಕ್ಕಳ ಕಣ್ಣಿಗೆ ಬೀಳದಂತೆ.

ಚಿತ್ರದಲ್ಲಿ ಕಾಳುಕಾಳು ಇತ್ತು. ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದ ಹಿರಿಯ ಸಹೋದ್ಯೋಗಿಯೊಬ್ಬರು, ‘ರವೆ ಇದ್ರೆ ಇರ್ಲಿ ಬಿಡಪ್ಪ, ಪೇಪರಿನಲ್ಲಿ ಅದು ಕಾಣಲ್ಲ. ಅಲುಗಾಡಿದ್ರೆ ಕಾಣ್ತದೆ’ ಎಂದರು. ಇದು ಎಲ್ಲರೂ ನೆನಪಿಡಬೇಕಾದ ಮಾತು. ಐಎಸ್‌ಒ ಏರಿಸಲು ಅಂಜಿ ಷಟರನ್ನು ನಿಧಾನ ಮಾಡುವುದು ಹೊಸಬರು ಮಾಡುವ ಮೊದಲ ತಪ್ಪು. ಕಾಳನ್ನು ನೋಡುಗರು ಮನ್ನಿಸುತ್ತಾರೆ. ಮುಖವೇ ಇಲ್ಲದ ಹೊಗೆಯನ್ನು ಮನ್ನಿಸುವುದಿಲ್ಲ.

ಅಗರ್ತಲಾದ ದೀಪಾ ಕರ್ಮಾಕರ್ 2016ರ ರಿಯೊ ಒಲಿಂಪಿಕ್ಸಿನ ವಾಲ್ಟ್‌ನಲ್ಲಿ 15.066 ಅಂಕ ಗಳಿಸಿ ನಾಲ್ಕನೆಯವರಾದಾಗ, ಜಿಮ್ನಾಸ್ಟಿಕ್ಸಿನ ಗಂಧವೂ ಇಲ್ಲದ ನಮ್ಮ ಹಳ್ಳಿಗಳಲ್ಲೂ ಅವರ ಹೆಸರು ಗೊತ್ತಾಯಿತು. ಪದಕ ಬಂದಿರಲಿಲ್ಲ. ಗಾಳಿಯಲ್ಲಿ ಮಡಿಚಿಕೊಂಡ ಆ ದೇಹದ ಚಿತ್ರಗಳನ್ನು ಎಲ್ಲರೂ ನೋಡಿದ್ದರು. ಜಿಲ್ಲಾ ಮಟ್ಟದ ಮಕ್ಕಳಿಗೂ ಅಷ್ಟು ಸಲ್ಲಬೇಕಲ್ಲವೇ?

ಚಿತ್ರ ಎರಡು ಕಾಲಂ ಅಗಲದಲ್ಲಿ ಅಚ್ಚಾಯಿತು. ತೊಲೆಯ ಮೇಲೆ, ಗಾಳಿಯಲ್ಲಿ, ಎರಡೂ ಕಾಲು ಚಾಚಿದ ಅದೇ ಹುಡುಗಿ. ಎರಡು ದಿನದ ಮೇಲೆ ಅವಳ ತಂದೆ ಪತ್ರಿಕಾ ಕಚೇರಿಗೆ ಬಂದರು. ಕೆಲಸ ಬಿಟ್ಟು ಮಗಳ ಸ್ಪರ್ಧೆಗೆ ಬರಲು ಅವರಿಗೆ ಒಮ್ಮೆಯೂ ಆಗಿರಲಿಲ್ಲವಂತೆ. ಮಡಿಸಿದ ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿ, ತೊಲೆಗೂ ಅವಳ ಪಾದಕ್ಕೂ ನಡುವಿನ ಜಾಗದಲ್ಲಿ ಬೆರಳಿಟ್ಟು ಕೇಳಿದರು:

‘ನಮ್ಮ ಹುಡುಗಿ ನಿಜವಾಗ್ಲೂ ಇಷ್ಟೆತ್ತರ ಹಾರ್ತಾಳಾ ಸಾರ್?’

ಹಾರುತ್ತಾಳೆ ಎಂದೆ.